ತಲಬನ್ನು ಓಡಿಸಬೇಡಿ, ನೋಡಿ: ಚಟ ಬಿಡುವವರಿಗೆ ಅವಧಾನದ ಅಭ್ಯಾಸ

ಉದ್ಯಮಬಾಗದ ಕಾರ್ಖಾನೆಗಳಲ್ಲಿ ಹಗಲಿನ ಪಾಳಿ ಮುಗಿದು, ಖಾನಾಪುರ ರಸ್ತೆಯ ಗುಂಟ ಪೀರನವಾಡಿಯ ಕಡೆಗೆ ಮೋಟಾರು ಸೈಕಲ್ಲುಗಳು ಸಾಲುಗಟ್ಟಿ ಹೊರಡುವ ಹೊತ್ತಿನಲ್ಲಿ, ಕುಡಿತವನ್ನು ಬಿಟ್ಟೇ ಬಿಡುವೆನೆಂದು ಅಂದಿನ ಬೆಳಿಗ್ಗೆಯಷ್ಟೇ ಸಂಕಲ್ಪ ಮಾಡಿದ ಮನುಷ್ಯನ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಮ್ಮ ಭಾಗದ ಜನ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: ಅವನಿಗೆ ತಲಬು ಬಂದಿದೆ. ಚಹಾಕ್ಕೂ ತಂಬಾಕಿಗೂ ಮಾವಾಕ್ಕೂ ಮದ್ಯಕ್ಕೂ ಸಮಾನವಾಗಿ ಸಲ್ಲುವ ಈ ಪುಟ್ಟ ಶಬ್ದದಲ್ಲಿ ಒಂದು ತಿಳಿವಳಿಕೆ ಅಡಗಿದೆ. ತಲಬು ‘ಬರುತ್ತದೆ’ ಎನ್ನುತ್ತೇವೆಯೇ ಹೊರತು ತಾನೇ ತಲಬೆಂದು ಯಾರೂ ಹೇಳುವುದಿಲ್ಲ. ಬಂದದ್ದು ಹೋಗಲೂಬಲ್ಲದು.

ಆದರೆ ಅದು ಹೋಗುವ ತನಕ ಮಾಡತಕ್ಕದ್ದೇನು ಎಂಬಲ್ಲಿ ತಪ್ಪು ನಡೆಯುತ್ತಿದೆ. ‘ಧ್ಯಾನ ಮಾಡಿ ನೋಡಿದೆ, ಏನೂ ಆಗಲಿಲ್ಲ’ ಎಂದು ನಿರಾಶರಾಗಿ ಮತ್ತೆ ಬಾಟಲಿಗೆ ಮರಳಿದವರನ್ನು ನಾನು ಇತ್ತೀಚೆಗೆ ಮೇಲಿಂದ ಮೇಲೆ ಕಾಣುತ್ತಿದ್ದೇನೆ. ವಿಚಾರಿಸಿದರೆ ಬಹುಮಂದಿ ಮಾಡಿದ್ದು ಧ್ಯಾನವಲ್ಲ, ಕಣ್ಣು ಮುಚ್ಚಿಕೊಂಡು ನಡೆಸಿದ ಯುದ್ಧ. ಆ ತಪ್ಪನ್ನು ತಿದ್ದುವುದಕ್ಕಾಗಿ ಈ ಬರಹ.

ಹಿನ್ನೆಲೆ ಸಂಕ್ಷೇಪವಾಗಿ ಇಷ್ಟು. ಬೌದ್ಧರು ಪಾಲಿಯಲ್ಲಿ ‘ಸತಿ’ ಎಂದು ಕರೆದ, ಈಗ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಿಂದ ಪ್ರಚುರವಾಗಿರುವ, ನಾನು ಅವಧಾನವೆಂದು ಕರೆಯುವ ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ರೋಗಿಗಳಿಗೆ ಕಲಿಸತೊಡಗಿದರು. ಸಿಯಾಟಲ್‌ನಲ್ಲಿ ಅಲನ್ ಮಾರ್ಲಾಟ್ ಮತ್ತು ಅವರ ಸಂಗಡಿಗರು ಅದನ್ನು ವ್ಯಸನ ಬಿಟ್ಟವರಿಗೆ ಒಗ್ಗುವಂತೆ 8 ವಾರಗಳ ಪಾಠಕ್ರಮವಾಗಿ ರೂಪಿಸಿದರು. 286 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಪಾಠ ಕಲಿತವರಲ್ಲಿ ಒಂದು ವರ್ಷದ ಕೊನೆಗೆ ವ್ಯಸನಕ್ಕೆ ಮರಳಿದ ದಿನಗಳು ಉಳಿದವರಿಗಿಂತ ಕಡಮೆಯೆಂದು ಕಂಡುಬಂತು. ಆ 286 ಮಂದಿಯೂ ಮೊದಲ ಹಂತದ ಚಿಕಿತ್ಸೆಯನ್ನು ಪೂರೈಸಿ ಬಂದವರಾಗಿದ್ದರು ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ನಮ್ಮ ನಾಡಿನ ನೆನಪೂ ಇಲ್ಲಿ ಉಚಿತವೇ. ಚಿತ್ತರಗಿ-ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು, ದವಸ ದುಡ್ಡುಗಳ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಊರೂರು ತಿರುಗಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಇಂದು ನಮ್ಮ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಮಹತ್ತ್ವ ದೊಡ್ಡದು. ಆದರೆ ಚಟವನ್ನು ಜೋಳಿಗೆಗೆ ಹಾಕಿ ಮನೆಗೆ ಮರಳಿದವನಿಗೆ ಅಂದಿನ ಸಂಜೆಯೊಂದು ಉಳಿದಿರುತ್ತದೆ. ಮುಂದಿನ ಮಾತೆಲ್ಲ ಆ ಸಂಜೆಯನ್ನು ಕುರಿತದ್ದು.

ಮೊದಲ ಹೆಜ್ಜೆ ವೈದ್ಯರ ಬಳಿಗೆ. ದಿನವೂ, ಅದರಲ್ಲಿಯೂ ಬೆಳಿಗ್ಗೆಯಿಂದಲೇ, ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ರಾಭಂಗಗಳು ತೊಡಗಿ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದನ್ನು ಕಾಣುವ, ಹೊತ್ತುಗೊತ್ತು ತಿಳಿಯದ ಭ್ರಾಂತಿಯುಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇದಕ್ಕೆ ಔಷಧ ಬೇಕು, ಬಿ-1 ಜೀವಸತ್ತ್ವದ ಚುಚ್ಚುಮದ್ದು ಬೇಕಾಗಬಹುದು. ಉಸಿರನ್ನು ಗಮನಿಸುತ್ತ ಕುಳಿತರೆ ಸಾಲದು. ಇನ್ನೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂದು ಗೋಡೆಗಳ ಮೇಲೆ ಬರೆಸುವವರ ಪುಡಿಯನ್ನು ಗಂಡನ ಸಾರಿನಲ್ಲಿ ಕದಡುವ ತಾಯಂದಿರು ದಯವಿಟ್ಟು ಅದನ್ನು ನಿಲ್ಲಿಸಬೇಕು. ಅದರಲ್ಲಿ ಡೈಸಲ್ಫಿರಾಮ್‌ನಂತಹ ಮದ್ದಿದ್ದು, ಅದರ ಅರಿವಿಲ್ಲದೆ ಅವನು ಕುಡಿದರೆ, ರಕ್ತದ ಒತ್ತಡ ಕುಸಿದು ಸಾಯಲೂ ಬಹುದು.

ಎರಡನೆಯದು, ತಲಬಿಲ್ಲದ ಹೊತ್ತಿನ ಅಭ್ಯಾಸ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ಪ್ರತಿದಿನ ಬೆಳಿಗ್ಗೆ 10 ನಿಮಿಷ ನೆಟ್ಟಗೆ ಕುಳಿತು, ಮೂಗಿನ ತುದಿಯಲ್ಲಿಯೋ ಹೊಟ್ಟೆಯಲ್ಲಿಯೋ ಉಸಿರಾಡುವುದನ್ನು ಗಮನಿಸಿರಿ. ಮನಸ್ಸು ಹರಿದುಹೋದುದು ತಿಳಿದಾಗ ಮರಳಿ ಉಸಿರಿಗೆ ಬನ್ನಿರಿ. ನೂರು ಬಾರಿ ಹೋದರೆ ನೂರು ಬಾರಿ ಬರುವುದೇ ಅಭ್ಯಾಸ, ಹೋದುದು ಸೋಲಲ್ಲ. ಕಣ್ಣು ಮುಚ್ಚಿದರೆ ಭಯವಾಗುವವರು, ಹಳೆಯ ಆಘಾತಗಳು ಮರುಕಳಿಸುವವರು, ಕಣ್ಣು ತೆರೆದು, ಪಾದಗಳು ನೆಲಕ್ಕೆ ತಾಗಿದ ಸ್ಪರ್ಶವನ್ನು ಗಮನಿಸಿದರೆ ಸಾಕು. ಚಟ ಬಿಟ್ಟು ವಾರವಾಗುವುದರೊಳಗೆ ಹತ್ತು ದಿನಗಳ ಮೌನಶಿಬಿರಕ್ಕೆ ಓಡುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದಾಗಿ, ತಲಬು ಬರುವ ಹೊತ್ತು, ಸ್ಥಳ, ಸಂಗಡಿಗರು ಇವನ್ನು ಸಣ್ಣ ವಹಿಯಲ್ಲಿ ಬರೆದಿಡಿರಿ: ಪಗಾರದ ದಿನ, ರವಿವಾರದ ಮಧ್ಯಾಹ್ನ, ಜಾಂಬೋಟಿಯ ದಾರಿ ಕವಲೊಡೆಯುವ ಕ್ರಾಸಿನಲ್ಲಿ ‘ಗೋವೆಗೆ ಹೋಗಿ ಬರೋಣ’ ಎಂದು ಕರೆಯುವ ಗೆಳೆಯ.

ಈಗ ನಾಲ್ಕನೆಯದು, ಮುಖ್ಯವಾದದ್ದು. ತಲಬು ಬಂದ ಕ್ಷಣದಲ್ಲಿ ಇದ್ದಲ್ಲಿಯೇ ನಿಲ್ಲಿರಿ. ಗಾಡಿಯ ಮೇಲಿದ್ದರೆ ಬದಿಗೆ ನಿಲ್ಲಿಸಿರಿ. ‘ತಲಬು ಬಂದಿದೆ’ ಎಂದು ಮನಸ್ಸಿನಲ್ಲಿ ಹೆಸರಿಡಿರಿ. ಅದು ಶರೀರದಲ್ಲಿ ಎಲ್ಲಿದೆಯೆಂದು ಹುಡುಕಿರಿ: ಗಂಟಲು ಒಣಗಿದೆಯೇ, ಎದೆ ಬಿಗಿದಿದೆಯೇ, ಬಾಯಲ್ಲಿ ನೀರೂರಿದೆಯೇ, ಅಂಗೈ ಬೆವರಿದೆಯೇ? ಬಳಿಕ ಕೆಲವು ಉಸಿರುಗಳನ್ನು ಪೂರ್ತಿ ಗಮನಿಸಿ, ಆಮೇಲೆ ಆ ಗಮನವನ್ನು ಇಡೀ ಮೈಗೆ, ಸುತ್ತಲಿನ ಸದ್ದುಗಳಿಗೆ ವಿಸ್ತರಿಸಿರಿ. ಮಾರ್ಲಾಟ್ ತಲಬನ್ನು ಕಡಲ ತೆರೆಗೆ ಹೋಲಿಸುತ್ತಿದ್ದರು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಬಿರುಸು ತಗ್ಗುತ್ತದೆ. ಇಳಿದ ಮೇಲೆ ಮುಂದಿನ ಕೆಲಸವನ್ನು ನೀವು ಆರಿಸಿಕೊಳ್ಳಿರಿ.

ಎಡವುವುದು ಇಲ್ಲಿಯೇ. ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದು ಹೇಳಿಸಿಕೊಂಡ ರೋಗಿಗೆ ಲೋಟ ಎತ್ತಿದಾಗಲೆಲ್ಲ ಕೋತಿಯೇ ಕಾಣಿಸಿಕೊಂಡ ಕತೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಿ ಪ್ರಯೋಗದಿಂದ ತೋರಿಸಿದ್ದೂ ಇದನ್ನೇ. ಒತ್ತಿಹಿಡಿದ ಯೋಚನೆ ಬಲಿತು ಬರುತ್ತದೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ‘ಹೋಗು, ಹೋಗು’ ಎಂದು ತಲಬನ್ನು ದಬ್ಬುವವನು ಅದಕ್ಕೆ ಊಟ ಬಡಿಸುತ್ತಿದ್ದಾನೆ. ಈ ತಪ್ಪಿಗೆ ವೇಷಗಳು ಹಲವು. ಗಡಿಯಾರವನ್ನು ನೋಡುತ್ತ ‘ಇನ್ನೂ ಹೋಗಲಿಲ್ಲವೇ’ ಎಂದು ನಿಮಿಷಕ್ಕೊಮ್ಮೆ ಕೇಳಿಕೊಳ್ಳುವುದು ಒಂದು ವೇಷ. ನೋಡುವ ನೆಪದಲ್ಲಿ ಅವನು ತಳ್ಳುತ್ತಲೇ ಇದ್ದಾನೆ. ನಾಮಜಪವನ್ನು ದೊಣ್ಣೆಯಂತೆ ಬೀಸುವುದು ಇನ್ನೊಂದು. ಜಪಕ್ಕೆ ತನ್ನ ಸ್ಥಾನವುಂಟು, ಆದರೆ ತಲಬಿನ ಸದ್ದು ಕೇಳದಂತೆ ಮಾಡುವ ಡೋಲು ಅದಲ್ಲ. ಮನೋಬಲದ ಪರೀಕ್ಷೆಗೆಂದು ಬಾರಿನ ಮುಂದೆಯೇ ಹೋಗಿ ನಿಂತು ಉಸಿರೆಣಿಸುವುದು ಮೂರನೆಯದು, ಎಲ್ಲಕ್ಕಿಂತ ಅಪಾಯಕರವಾದದ್ದು. ಪೀರನವಾಡಿಯ ಕಾರ್ಮಿಕನೊಬ್ಬ, ಎರಡು ತಿಂಗಳು ಹೀಗೆ ಹೆಣಗಿ ಸೋತವನು, ಒಂದು ಸಂಜೆ ತನ್ನ ಗಂಟಲಿನ ಉರಿಯನ್ನು ಸುಮ್ಮನೆ ಗಮನಿಸಿದನಂತೆ. ‘ಹೋಗಲಿಲ್ಲರೀ, ಆದರ ನನ್ನ ಎಳಕೊಂಡೂ ಹೋಗಲಿಲ್ಲ’ ಎಂದ. ಅವನಿಗೆ ವಿದ್ಯೆ ಹತ್ತಿತೆಂದು ನಾನು ತಿಳಿದೆ. ತಲಬನ್ನು ಇಲ್ಲವಾಗಿಸುವುದು ನಮ್ಮ ಗುರಿಯಲ್ಲ. ಅದು ಇದ್ದರೂ ಕೈ ಲೋಟಕ್ಕೆ ಹೋಗದಿರುವುದು ಗುರಿ.

ಐದನೆಯದು, ಜಾರಿದಾಗ. ಆಣೆ ಮಾಡಿದವನು ಒಂದು ಗುಟುಕು ಕುಡಿದ ಮಾತ್ರಕ್ಕೆ ‘ಎಲ್ಲವೂ ಹೋಯಿತು’ ಎಂದು ಬಾಟಲಿಯನ್ನೇ ಬರಿದು ಮಾಡುತ್ತಾನೆ. ಆ ‘ಎಲ್ಲವೂ ಹೋಯಿತು’ ಎಂಬುದೂ ತಲಬಿನಂತೆಯೇ ಬಂದುಹೋಗುವ ಒಂದು ಯೋಚನೆ. ಅದಕ್ಕೂ ಹೆಸರಿಟ್ಟು, ನೋಡಿ, ಲೋಟವನ್ನು ಕೆಳಗಿಟ್ಟು, ಮರುದಿನವೇ ವೈದ್ಯರನ್ನು ಕಾಣಿರಿ.

ಮನೆಯವರ ಪಾತ್ರವನ್ನು ವಿವರಿಸುವುದಕ್ಕೆ ಸ್ಥಳಾವಕಾಶವಿಲ್ಲವಾಗಿ ಎರಡೇ ಮಾತು: ಆ ಅರ್ಧ ಗಂಟೆ ಅವನನ್ನು ಪ್ರಶ್ನಿಸಬೇಡಿರಿ, ಊಟವನ್ನು ತಡಮಾಡಬೇಡಿರಿ. ವೈದ್ಯರು ಕೊಟ್ಟ ಗುಳಿಗೆಗಳನ್ನು ಧ್ಯಾನದ ಭರವಸೆಯ ಮೇಲೆ ನಿಲ್ಲಿಸಬಾರದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ; ಖಾನಾಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸೆಯ ಬಗೆಗೆ ಮೊದಲೇ ವಿಚಾರಿಸಿಕೊಂಡು ಹೋಗಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ತಂಬಾಕು ಬಿಡುವವರಿಗೆ 1800-11-2356, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ-ಮಾನಸ್ 14416. ಟೆಲಿ-ಮಾನಸ್‌ನಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು.