ಆನ್ ರೈಸರ ವ್ಯಾಂಪೈರ್ ಕಾದಂಬರಿಮಾಲೆ: ಒಂದು ಅಧ್ಯಯನ

ಭಯಾನಕವನ್ನೂ ಬೀಭತ್ಸವನ್ನೂ ನಮ್ಮ ಆಲಂಕಾರಿಕರು ರಸಗಳ ಸಾಲಿನಲ್ಲಿಯೇ ಎಣಿಸಿದ್ದಾರೆ. ಆದುದರಿಂದ ಹೆದರಿಸುವ ಕಥೆಯೆಂದ ಮಾತ್ರಕ್ಕೆ ಅದನ್ನು ಕೀಳೆಂದು ತಳ್ಳಿಬಿಡುವುದು ಸರಿಯಲ್ಲ. ಹೆದರಿಕೆಯ ಹಿಂದೆ ಯಾವ ಭಾವವು ನಿಂತಿದೆ ಎಂಬುದನ್ನು ನೋಡಿ ಬೆಲೆ ಕಟ್ಟಬೇಕು. ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು, “ಮಾಷ್ಟ್ರೆ, ವ್ಯಾಂಪೈರ್ ಎಂದರೆ ನಮ್ಮ ಬೇತಾಳವೇ?” ಎಂದು ಕೇಳಿದನು. ಅಂದು ಗಂಟೆ ಬಾರಿಸಿದ್ದರಿಂದ ನನ್ನ ಉತ್ತರವು ಅರ್ಧದಲ್ಲಿಯೇ ನಿಂತಿತು. ಅದನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸಿದ್ದೇನೆ.

೧. ಬೇತಾಳ ಮತ್ತು ವ್ಯಾಂಪೈರ್

ರಿಚರ್ಡ್ ಬರ್ಟನ್ ಎಂಬ ಆಂಗ್ಲ ಲೇಖಕನು ವಿಕ್ರಮ-ಬೇತಾಳರ ಕಥೆಗಳನ್ನು ೧೮೭೦ರಲ್ಲಿ ಇಂಗ್ಲಿಷಿಗೆ ತಂದಾಗ ಬೇತಾಳಕ್ಕೆ ‘ವ್ಯಾಂಪೈರ್’ ಎಂಬ ಪದವನ್ನೇ ಬಳಸಿದನು. ಆದರೆ ಇವೆರಡೂ ಒಂದಲ್ಲ. ಬೇತಾಳವು ಪರರ ಹೆಣದಲ್ಲಿ ಸೇರಿಕೊಂಡು ಕಥೆ ಹೇಳಿ, ಒಗಟೊಡ್ಡಿ, ರಾಜನ ವಿವೇಕವನ್ನು ಪರೀಕ್ಷಿಸುತ್ತದೆ. ವ್ಯಾಂಪೈರ್ ಆದರೋ ತಾನೇ ಸತ್ತು, ಸತ್ತ ಮೇಲೆಯೂ ಸ್ವಂತ ದೇಹದಲ್ಲಿ ಉಳಿದು, ಬದುಕಿರುವವರ ರಕ್ತದಿಂದ ಜೀವಿಸುವಂಥದು. ಒಂಟಿ ದಾರಿಯಲ್ಲಿ ಸುಂದರಿಯಾಗಿ ಬಂದು, ಸುಣ್ಣ ಬೇಡಿ, ರಕ್ತ ಹೀರುವ ಮಲಯಾಳದ ಯಕ್ಷಿಯ ಕಥೆಗಳು ಕಾಸರಗೋಡಿನವರಾದ ನಮಗೆ ಪರಿಚಿತವಷ್ಟೆ. ವ್ಯಾಂಪೈರಿಗೆ ಬೇತಾಳಕ್ಕಿಂತ ಈ ಯಕ್ಷಿಯೇ ಹತ್ತಿರದವಳು.

೨. ಪರಂಪರೆ

ಹಾಳುಕೋಟೆ, ಕತ್ತಲೆ, ಶಾಪ ಇವುಗಳನ್ನು ಆಶ್ರಯಿಸಿದ ‘ಗೋಥಿಕ್’ ಕಾದಂಬರಿಯು ಹೊರೇಸ್ ವಾಲ್ಪೋಲನ ‘ಒಟ್ರಾಂಟೋ ಕೋಟೆ’ (೧೭೬೪)ಯಿಂದ ಮೊದಲಾಯಿತೆನ್ನುವುದು ರೂಢಿ. ೧೮೧೬ರ ಬೇಸಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಕವಿ ಬೈರನ್ನನೂ ಅವನ ಮಿತ್ರರೂ ಭೂತದ ಕಥೆ ಬರೆಯಲು ಪಂಥ ಕಟ್ಟಿದರು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಆಗಲೇ. ಬೈರನ್ನನ ವೈದ್ಯನಾಗಿದ್ದ ಪೊಲಿಡೋರಿಯ ‘ವ್ಯಾಂಪೈರ್’ ಎಂಬ ಕಥೆಗೂ ಮೂಲ ಅಲ್ಲಿಯೇ. ಅದು ೧೮೧೯ರಲ್ಲಿ ಅಚ್ಚಾಯಿತು. ಹಳ್ಳಿಗರ ನಂಬಿಕೆಯಲ್ಲಿ ಉಬ್ಬಿದ ಹೆಣವಾಗಿದ್ದ ವ್ಯಾಂಪೈರ್ ಈ ಕಥೆಯಲ್ಲಿ ಸಭ್ಯ ಶ್ರೀಮಂತನ ವೇಷ ತೊಟ್ಟನು. ೧೮೯೭ರಲ್ಲಿ ಐರ್ಲೆಂಡಿನ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಪ್ರಕಟವಾಗಿ ಆ ವೇಷವನ್ನು ಲೋಕಪ್ರಸಿದ್ಧಗೊಳಿಸಿತು.

‘ಡ್ರಾಕುಲಾ’ದ ರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದೆಲ್ಲವೂ ದಿನಚರಿ, ಪತ್ರ, ತಂತಿ, ವೃತ್ತಪತ್ರಿಕೆಯ ತುಣುಕುಗಳ ಜೋಡಣೆ. ಅವನನ್ನು ಬೇಟೆಯಾಡುವವರೆಲ್ಲರ ಮನಸ್ಸು ನಮಗೆ ತಿಳಿಯುತ್ತದೆ. ಡ್ರಾಕುಲಾನ ಅಂತರಂಗ ಮಾತ್ರ ತಿಳಿಯುವುದಿಲ್ಲ. ಅವನು ಹೊರಗಿನಿಂದ ಬಂದ ಕೇಡು. ಕೇಡಿಗೆ ತನ್ನ ಕಥೆಯನ್ನು ಹೇಳಿಕೊಳ್ಳುವ ಅವಕಾಶವಿಲ್ಲ.

೩. ರೈಸರ ಹೊಸ ಹಾದಿ

ಆ ಅವಕಾಶವನ್ನು ಧಾರಾಳವಾಗಿ ಕೊಟ್ಟವರು ಆನ್ ರೈಸ್. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ೧೯೪೧ರಲ್ಲಿ ಹುಟ್ಟಿ, ಕ್ಯಾಥೊಲಿಕ್ ಮನೆತನದಲ್ಲಿ ಬೆಳೆದ ಈ ಲೇಖಕಿಯ ‘ವ್ಯಾಂಪೈರನೊಡನೆ ಸಂದರ್ಶನ’ ಎಂಬ ಕಾದಂಬರಿ ೧೯೭೬ರಲ್ಲಿ ಹೊರಬಂದಿತು. ‘ವ್ಯಾಂಪೈರ್ ಲೆಸ್ಟಾಟ್’ (೧೯೮೫), ‘ಶಾಪಗ್ರಸ್ತರ ರಾಣಿ’ (೧೯೮೮) ಇವುಗಳಿಂದ ಮುಂದುವರಿದು, ೨೦೧೮ರ ವೇಳೆಗೆ ಈ ಮಾಲೆಯಲ್ಲಿ ಹದಿಮೂರು ಕಾದಂಬರಿಗಳಾದವು. ಲೇಖಕಿಯು ೨೦೨೧ರ ಡಿಸೆಂಬರಿನಲ್ಲಿ ತೀರಿಕೊಂಡರು.

ಮೊದಲ ಕಾದಂಬರಿಯ ನಾಯಕ ಲೂಯಿ. ಲೂಯಿಸಿಯಾನಾದಲ್ಲಿ ಗುಲಾಮರ ದುಡಿಮೆಯಿಂದ ನಡೆಯುವ ತೋಟದ ಒಡೆಯ. ತಮ್ಮನ ಸಾವಿಗೆ ತಾನೇ ಕಾರಣನೆಂಬ ಕೊರಗಿನಿಂದ ಬದುಕನ್ನೇ ಬೇಡವೆಂದಿದ್ದ ಅವನನ್ನು ೧೭೯೧ರಲ್ಲಿ ಲೆಸ್ಟಾಟ್ ಎಂಬವನು ವ್ಯಾಂಪೈರನನ್ನಾಗಿ ಮಾಡುತ್ತಾನೆ. ಇವರಿಗೆ ಶಿಲುಬೆಯ ಭಯವಿಲ್ಲ. ಬೆಂಕಿಗೂ ಬಿಸಿಲಿಗೂ ಮಾತ್ರ ಅಂಜುವರು. ಅಷ್ಟಾದರೂ ಕೊಲ್ಲುವಾಗಲೆಲ್ಲ ಲೂಯಿಯ ಮನಸ್ಸಾಕ್ಷಿಯು ಅವನನ್ನು ಚುಚ್ಚುತ್ತದೆ. “ನಮ್ಮನ್ನು ಹುಟ್ಟಿಸಿದವರು ಯಾರು? ನಾವು ಶಪ್ತರೇ?” ಎಂಬ ಪ್ರಶ್ನೆಯನ್ನು ಹೊತ್ತು ಅವನು ಯೂರೋಪನ್ನೆಲ್ಲ ಸುತ್ತುತ್ತಾನೆ. ಪ್ಯಾರಿಸಿನಲ್ಲಿ ನಾನೂರು ವರ್ಷ ಬದುಕಿದ ಆರ್ಮಾಂಡನು ಕೊಡುವ ಉತ್ತರವೆಂದರೆ, ತಾನು ದೇವರನ್ನೂ ಕಂಡಿಲ್ಲ, ಸೈತಾನನನ್ನೂ ಕಂಡಿಲ್ಲ ಎಂಬುದು. ಆ ಮೌನವೇ ಈ ಕಾದಂಬರಿಯ ನಿಜವಾದ ಭಯಾನಕ.

ಎರಡನೆಯ ಕಾದಂಬರಿಯಲ್ಲಿ ಲೆಸ್ಟಾಟನೇ ನಿರೂಪಕ. ಲೂಯಿ ಹೇಳಿದ್ದು ಪೂರ್ಣ ಸತ್ಯವಲ್ಲವೆಂದು ಅವನ ವಾದ. ಮೊದಲಿನ ಖಳನು ಇಲ್ಲಿ ನಾಯಕನಾಗುತ್ತಾನೆ. ಒಂದು ಸಂಗತಿಗೆ ಇಬ್ಬರು ಸಾಕ್ಷಿಗಳಿದ್ದರೆ ಎರಡು ಕಥೆಗಳಾಗುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

೪. ಕ್ಲಾಡಿಯಾ

ಈ ಮಾಲೆಯ ಹೃದಯವಿರುವುದು ಕ್ಲಾಡಿಯಾಳಲ್ಲಿ. ಸಾವಿನ ಬಾಗಿಲಲ್ಲಿದ್ದ ಐದು ವರ್ಷದ ಅನಾಥ ಮಗುವನ್ನು ಲೆಸ್ಟಾಟನು ವ್ಯಾಂಪೈರನ್ನಾಗಿ ಮಾಡುತ್ತಾನೆ. ಅವಳಿಗೆ ಸಾವಿಲ್ಲ, ಬೆಳವಣಿಗೆಯೂ ಇಲ್ಲ. ದಶಕಗಳು ಉರುಳಿ ಮನಸ್ಸು ಪ್ರೌಢ ಸ್ತ್ರೀಯದಾದರೂ ದೇಹವು ಗೊಂಬೆಯಂತೆಯೇ ಉಳಿಯುತ್ತದೆ. ತನ್ನನ್ನು ಹೀಗೆ ಮಾಡಿದವರ ಮೇಲೆ ಅವಳು ತಿರುಗಿ ಬೀಳುತ್ತಾಳೆ. ಕೊನೆಗೆ ಪ್ಯಾರಿಸಿನಲ್ಲಿ ಬಿಸಿಲಿಗೆ ಬೂದಿಯಾಗುತ್ತಾಳೆ.

ರೈಸರ ಮಗಳು ಮಿಷೆಲ್ ೧೯೭೨ರಲ್ಲಿ, ಆರು ತುಂಬುವ ಮೊದಲೇ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಮರುವರ್ಷ ಆ ತಾಯಿ ಈ ಕಾದಂಬರಿಯನ್ನು ಬರೆದರು. ರಕ್ತವು ಕೆಟ್ಟು ಮಗು ಹೋಯಿತು. ಕಥೆಯಲ್ಲಿ ರಕ್ತದಿಂದಲೇ ಒಂದು ಮಗುವಿಗೆ ಅಮರತ್ವವು ಬಂದಿತು. ಆದರೆ ಲೇಖಕಿಯು ಅಲ್ಲಿಗೆ ನಿಲ್ಲಲಿಲ್ಲ. ಮಗುವನ್ನು ಎಂದೆಂದಿಗೂ ಮಗುವಾಗಿಯೇ ಉಳಿಸಿಕೊಳ್ಳುವ ಆಸೆಯು ಈಡೇರಿದರೆ ಆ ಮಗುವಿಗೆ ಅದು ಏನಾದೀತು ಎಂಬುದನ್ನೂ ಕಣ್ಣು ಮುಚ್ಚದೆ ನೋಡಿದರು.

ಹಲವು ವರ್ಷಗಳ ಹಿಂದೆ ನಮ್ಮ ಎರಡನೆಯ ತರಗತಿಯ ಬಾಲಕಿಯೊಬ್ಬಳು ಜ್ವರದಿಂದ ತೀರಿಕೊಂಡಳು. ಅವಳ ತಾಯಿ ಶಾಲೆಗೆ ಬಂದು ಮಗುವಿನ ಕಾಪಿ ಪುಸ್ತಕವನ್ನು ಕೇಳಿ ಪಡೆದರು. ಆ ವರ್ಷದ ತರಗತಿಯ ಭಾವಚಿತ್ರವು ಈಗಲೂ ಕಚೇರಿಯ ಗೋಡೆಯ ಮೇಲಿದೆ. ಅದರಲ್ಲಿರುವ ಉಳಿದವರೆಲ್ಲ ಕಾಲೇಜು ಮುಗಿಸಿ ಬಂದು ಮಾತಾಡಿಸುತ್ತಾರೆ. ಮುಂದಿನ ಸಾಲಿನ ಆಕೆ ಮಾತ್ರ ಏಳು ವರ್ಷದವಳಾಗಿಯೇ ನಿಂತಿದ್ದಾಳೆ. ಕ್ಲಾಡಿಯಾಳ ಕಥೆ ಓದಿದ ಮೇಲೆ ಆ ಚಿತ್ರದ ಮುಂದೆ ನಾನು ಒಂದು ಗಳಿಗೆ ನಿಲ್ಲದೆ ಹೋಗುವುದಿಲ್ಲ. ಬೆಳೆಯುವುದೂ ನಮ್ಮನ್ನು ಬಿಟ್ಟು ಹೋಗುವುದೂ ಮಕ್ಕಳ ಭಾಗ್ಯವೆಂದು ಅದು ನನಗೆ ಕಲಿಸಿತು.

೫. ಗುಣದೋಷ

ದೋಷಗಳೂ ಇಲ್ಲದಿಲ್ಲ. ಲೂಯಿಯ ಕೊರಗಿಗೆ ಪುಟಗಟ್ಟಲೆ ಸ್ಥಳ ಸಿಕ್ಕಿದೆ. ಅವನ ತೋಟದಲ್ಲಿ ನಿಜವಾಗಿ ರಕ್ತ ಬಸಿದ ಗುಲಾಮರ ಕೊರಗಿಗೆ ಅಷ್ಟು ಸ್ಥಳ ಸಿಕ್ಕಿಲ್ಲ. ಮುಂದಿನ ಸಂಪುಟಗಳಲ್ಲಿ ಪಾತ್ರಗಳ ಶಕ್ತಿ ಬೆಳೆದಂತೆ ಭಯವು ತೆಳುವಾಗುತ್ತದೆ. ಎಲ್ಲವನ್ನೂ ಬಲ್ಲವನಿಗೆ, ಎಲ್ಲಿಗೂ ಹಾರಬಲ್ಲವನಿಗೆ ಕಳೆದುಕೊಳ್ಳುವುದೇನು? ಹಿಂಸೆ ಮತ್ತು ಶೃಂಗಾರದ ವರ್ಣನೆಗಳಿರುವುದರಿಂದ ಇವು ಪ್ರೌಢ ವಾಚಕರಿಗೆ ತಕ್ಕವು. ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಮೊದಲ ಎರಡನ್ನು ಓದಿದರೆ ಸಾಕು.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನನ್ನ ಉತ್ತರವಿಷ್ಟು: ಬೇತಾಳವು ರಾಜನನ್ನು ಪ್ರಶ್ನಿಸುತ್ತದೆ, ರೈಸರ ವ್ಯಾಂಪೈರ್ ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾನೆ.

ಅಭ್ಯಾಸಕ್ಕೆ

೧. ‘ಡ್ರಾಕುಲಾ’ದ ನಿರೂಪಣೆಗೂ ರೈಸರ ಮೊದಲ ಕಾದಂಬರಿಯ ನಿರೂಪಣೆಗೂ ಇರುವ ಭೇದವೇನು?
೨. ಕ್ಲಾಡಿಯಾಳಿಗೆ ಅಮರತ್ವವು ಶಾಪವಾದುದೇಕೆ?
೩. ನಿಮ್ಮ ಅಜ್ಜಿಯಿಂದ ಒಂದು ಯಕ್ಷಿಯ ಕಥೆಯನ್ನು ಕೇಳಿ, ಅದನ್ನು ಯಕ್ಷಿಯ ಬಾಯಿಂದಲೇ ಹೇಳಿಸಿ ಬರೆಯಿರಿ.