ಒಳಬಾಗಿಲಿಗೂ ಕಾವಲು ಬೇಕೆ?

ದತ್ತಸಂಚಯ, ಅಂದರೆ ಡೇಟಾಬೇಸ್, ಇರುವ ಗಣಕದಲ್ಲಿಯೇ ಕುಳಿತು ಅದನ್ನು ತೆರೆಯುವವನಿಗೆ ಗುರುತಿನ ಪರೀಕ್ಷೆ ಏತಕ್ಕೆ? ಈ ಪ್ರಶ್ನೆಯು ಅನೇಕ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ವ್ಯವಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಪ್ರವೇಶದ ನಿಯಮಗಳೆಲ್ಲವೂ ‘ಪಿಜಿ_ಎಚ್‌ಬಿಎ.ಕಾನ್ಫ್’ ಎಂಬ ಕಡತದಲ್ಲಿ ಸಾಲುಸಾಲಾಗಿರುತ್ತವೆ. ‘ಲೋಕಲ್’ ಎಂದು ಆರಂಭವಾಗುವ ಸಾಲು ಯುನಿಕ್ಸ್ ಸಾಕೆಟ್ಟಿನ ಮೂಲಕ ಬರುವವರಿಗೆ ಅನ್ವಯಿಸುತ್ತದೆ. ಅದೇ ಗಣಕದಿಂದ ಬಂದರೂ 127.0.0.1 ಎಂಬ ವಿಳಾಸದ ಮೂಲಕ ಬಂದವನಿಗೆ ‘ಹೋಸ್ಟ್’ ಸಾಲು ಅನ್ವಯಿಸುತ್ತದೆ. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ, ಮೊದಲು ಹೊಂದಿದುದನ್ನೇ ಅನುಸರಿಸಲಾಗುವುದು. ಅಲ್ಲಿ ಸೋತವನಿಗೆ ಮುಂದಿನ ಸಾಲಿನ ಆಶ್ರಯವಿಲ್ಲ.

ಪರೀಕ್ಷೆಯ ವಿಧಾನಗಳಲ್ಲಿ ಮೂರು ಮುಖ್ಯವಾದವು. ‘ಟ್ರಸ್ಟ್’ ವಿಧಾನದಲ್ಲಿ ಪ್ರಶ್ನೆಯೇ ಇಲ್ಲ. ಹೇಳಿದ ಹೆಸರನ್ನು ನಂಬಲಾಗುವುದು. ‘ಪೀರ್’ ವಿಧಾನದಲ್ಲಿ, ಬಂದವನು ಯಾರೆಂದು ಗಣಕದ ಕರ್ನಲ್ಲನ್ನೇ ಕೇಳಲಾಗುವುದು; ಸಾಮಾನ್ಯವಾಗಿ ಆ ಹೆಸರೂ ದತ್ತಸಂಚಯದ ಬಳಕೆದಾರನ ಹೆಸರೂ ಒಂದೇ ಆಗಿರಬೇಕು. ಇದು ಸಾಕೆಟ್ ಮಾರ್ಗಕ್ಕೆ ಮಾತ್ರ ಸಲ್ಲುತ್ತದೆ. 2017ರಲ್ಲಿ 10ನೆಯ ಆವೃತ್ತಿಯೊಡನೆ ಬಂದ ‘ಸ್ಕ್ರಾಮ್-ಶಾ-256’ ವಿಧಾನದಲ್ಲಿ ಗುಪ್ತಪದ, ಅಂದರೆ ಪಾಸ್‌ವರ್ಡ್, ಬೇಕು. ಆದರೆ ಅದು ಇದ್ದಂತೆಯೇ ತಂತಿಯಲ್ಲಿ ಸಾಗುವುದಿಲ್ಲ, ಸರ್ವರಿನಲ್ಲಿ ಉಳಿಯುವುದೂ ಇಲ್ಲ. ಅದನ್ನು ಬಲ್ಲೆನೆಂಬುದನ್ನು ಗಣಿತದಿಂದ ಸಿದ್ಧಪಡಿಸಲಾಗುವುದು.

ಹೆಸರು ಹೊಂದದೆ ‘ಪೀರ್’ ತಡೆದಾಗ, ಬೇಸತ್ತ ವಿದ್ಯಾರ್ಥಿಯು ‘ಟ್ರಸ್ಟ್’ ಎಂದು ಬರೆದುಬಿಡುವುದುಂಟು. ಹಲವರು ಬಳಸುವ ಪ್ರಯೋಗಾಲಯದ ಗಣಕದಲ್ಲಿ ಇದರ ಫಲವೇನು? ಯಾರಾದರೂ ತಾನು ‘ಪೋಸ್ಟ್‌ಗ್ರೆಸ್’ ಎಂಬ ಸರ್ವಾಧಿಕಾರಿಯೆಂದು ಹೇಳಿಕೊಂಡು ಸಹಪಾಠಿಗಳ ಅಂಕಗಳನ್ನು ತಿದ್ದಬಹುದು, ಅಳಿಸಲೂಬಹುದು.

ಸರಿಯಾದ ಕ್ರಮವು ಹೀಗಿದೆ. ಮೊದಲು ‘ಪೋಸ್ಟ್‌ಗ್ರೆಸ್’ ಎಂಬ ಲಿನಕ್ಸ್ ಬಳಕೆದಾರನಾಗಿ, ‘ಪೀರ್’ ಮಾರ್ಗದಿಂದ ಒಳಹೊಕ್ಕು, ಪ್ರತಿ ಬಳಕೆದಾರನಿಗೂ ಗುಪ್ತಪದವನ್ನು ಗೊತ್ತುಪಡಿಸಬೇಕು. 14ನೆಯ ಆವೃತ್ತಿಯಿಂದೀಚೆಗೆ ಅದು ತಾನಾಗಿಯೇ ಸ್ಕ್ರಾಮ್ ರೂಪದಲ್ಲಿ ಉಳಿಯುತ್ತದೆ. ಬಳಿಕ ಕಡತದಲ್ಲಿ ‘ಪೋಸ್ಟ್‌ಗ್ರೆಸ್’ ಬಳಕೆದಾರನಿಗೆ ‘ಪೀರ್’ ಎಂಬ ಸಾಲನ್ನು ಮೇಲೆಯೂ, ಉಳಿದವರಿಗೆ ‘ಸ್ಕ್ರಾಮ್-ಶಾ-256’ ಎಂಬ ಸಾಲನ್ನು ಅದರ ಕೆಳಗೂ ಇಡಬೇಕು. ‘ಹೋಸ್ಟ್’ ಸಾಲುಗಳಲ್ಲಿಯೂ ‘ಟ್ರಸ್ಟ್’ ಉಳಿಯದಂತೆ ನೋಡಿಕೊಳ್ಳಬೇಕು. ಕೊನೆಗೆ ಸರ್ವರು ಕಡತವನ್ನು ಮತ್ತೆ ಓದುವಂತೆ ಆಜ್ಞೆ ಕೊಡತಕ್ಕದ್ದು. ಅದನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುವ ಅಗತ್ಯವಿಲ್ಲ. ಕ್ರಮವು ತಲೆಕೆಳಗಾದರೆ ಗುಪ್ತಪದವಿಲ್ಲದವರೆಲ್ಲ ಹೊರಗುಳಿಯುವರು.

ಹತ್ತಿರವಿರುವವನೆಲ್ಲ ನಂಬಿಕೆಗೆ ಅರ್ಹನೆಂದು ಗಣಕವು ತಾನಾಗಿ ಊಹಿಸಲಾರದು. ಅದಕ್ಕೆ ಹಾಗೆ ಹೇಳಿಕೊಡುವವರು ನಾವೇ. ಆದುದರಿಂದ ‘ಟ್ರಸ್ಟ್’ ಎಂಬ ಪದವನ್ನು ಬರೆಯುವ ಮೊದಲು, ಆ ಗಣಕವನ್ನು ಇನ್ನಾರು ಬಳಸುವರೆಂದು ಒಮ್ಮೆ ಯೋಚಿಸಬೇಕು.