ಹಬ್ಬದ ದಿನಾಂಕ ಏಕೆ ಸರಿಯುತ್ತದೆ? 8ನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸದಲ್ಲಿ ಚಂದ್ರಕಲೆಗಳ ಪಾಠವನ್ನು ಹಬ್ಬಗಳ ಮೂಲಕ ಮಾಡಿದೆ. ನಂಜನಗೂಡಿನಲ್ಲಿ ಪೀಠಿಕಾ ಪ್ರಶ್ನೆ ಸುಲಭವಾಯಿತು: ಐದು ತೇರಿನ ದೊಡ್ಡ ಜಾತ್ರೆ ಯಾವ ತಿಂಗಳು? ಕೆಲವರು ಮಾರ್ಚ್ ಎಂದರು, ಕೆಲವರು ಏಪ್ರಿಲ್. ಎರಡೂ ಸರಿ. ಆಗಸ್ಟ್ 15ಕ್ಕೆ ಈ ಗೊಂದಲವಿಲ್ಲ.

ತಿ. ನರಸೀಪುರದಲ್ಲಿ ಒಬ್ಬ ಹುಡುಗ ಪಕ್ಕದವನನ್ನು ಛೇಡಿಸಿದ: "ಇವರ ರಂಜಾನ್‌ಗೆ ದಿನಾನೇ ಇಲ್ಲ ಮಿಸ್, ಹಿಂದೆ ಹಿಂದೆ ಹೋಗ್ತದೆ." ಗದರಿಸುವ ಬದಲು ಕಪ್ಪುಹಲಗೆಯಲ್ಲಿ ದಿನಾಂಕ ಬರೆದೆ.

ರಂಜಾನ್ ಹಬ್ಬ: 2023 ಏಪ್ರಿಲ್ 22, 2024 ಏಪ್ರಿಲ್ 11, 2025 ಮಾರ್ಚ್ 31.
ಸಂಗಮದಲ್ಲಿ ಮೀಯುವ ಮಾಘ ಹುಣ್ಣಿಮೆ: 2023 ಫೆಬ್ರವರಿ 5, 2024 ಫೆಬ್ರವರಿ 24, 2025 ಫೆಬ್ರವರಿ 12.

ಮಕ್ಕಳೇ ಎಣಿಸಿದರು. 2024ರಿಂದ 2025ಕ್ಕೆ ಎರಡಕ್ಕೂ 354 ದಿನ, ಅಂದರೆ ಹನ್ನೆರಡು ಚಾಂದ್ರಮಾಸ. ನಮ್ಮ ಹುಣ್ಣಿಮೆಯೂ ಹಿಂದೆ ಹೋಗಿದೆ! ಆದರೆ ಅದರ ಹಿಂದಿನ ವರ್ಷ ಮಾಘ ಹುಣ್ಣಿಮೆಗೆ 384 ದಿನ ಹಿಡಿದಿತ್ತು. ನಡುವೆ ಅಧಿಕ ಶ್ರಾವಣ ಬಂದಿತ್ತು. ಹಿಜರಿ ಪಂಚಾಂಗದಲ್ಲಿ ಅಧಿಕಮಾಸವಿಲ್ಲ, ಆದ್ದರಿಂದ ರಂಜಾನ್ ಎಲ್ಲ ಋತುಗಳನ್ನೂ ಸುತ್ತುತ್ತದೆ.

"ಮತ್ತೆ ಏಪ್ರಿಲ್‌ಗೆ ಯಾವಾಗ ಬರುತ್ತೆ ಮಿಸ್?" ಕೇಳಿದವನು ಆ ಪಕ್ಕದ ಹುಡುಗ. ಸುಮಾರು 33 ವರ್ಷಕ್ಕೆ ಒಂದು ಸುತ್ತು ಎಂದೆ. ತರಗತಿಯೆಲ್ಲ ತಮ್ಮ ಆಗಿನ ವಯಸ್ಸು ಲೆಕ್ಕ ಹಾಕತೊಡಗಿತು.

ಈ ಪಾಠಕ್ಕೆ ಒಂದು ಅವಧಿ ಸಾಲದು. ಮನೆಗಳಿಂದ ಹಳೆಯ ಕ್ಯಾಲೆಂಡರ್‌ಗಳನ್ನು ಮೊದಲೇ ತರಿಸಿಕೊಳ್ಳಬೇಕು.